ತೂತನ್ನು ಎಲ್ಲಿ ಬರೆಯಲಿ

ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ
ಮೂರು ಕಂಪ್ಯೂಟರುಗಳಿಗೆ ಪರಸ್ಪರ ಮಾತಿಲ್ಲ.
ತೂಕದ ಮನೆಯದು ಲಾಟ್ ಅನ್ನುತ್ತದೆ,
ಹಲ್ಲರಿನದು ಬ್ಯಾಚ್,
ಗೋದಾಮಿನ ಮುದಿ ಯಂತ್ರ ಇನ್ನೂ
ತೋಟದ ಹೆಸರು ಹಿಡಿದೇ ಕರೆಯುತ್ತದೆ.
ಎಲ್ಲ ಅದೇ ಕಾಫಿ. ಅದೇನಾ?
ಅಷ್ಟು ಹೇಳಲೆಂದೇ ನನ್ನನ್ನು ಕರೆಸಿದ್ದಾರೆ.

ಬುಡದಿಂದ ಶುರುಮಾಡು ಎಂದು ಕಲಿತವಳು.
ಹಲ್ಲರಿಗೂ ಮೊದಲು, ಕಾಫಿಗೂ ಮೊದಲು
ಹಾಳೆಯ ನೆತ್ತಿಯಲ್ಲಿ ಎರಡೇ ಮಾತು:
ಇರುವುದು. ಆಗುವುದು.
ಮೂಟೆ ಇರುವುದು, ಈ ಕ್ಷಣಕ್ಕೂ ಇಡಿಯಾಗಿ ಇದೆ.
ಸುಲಿತ ಆಗುವುದು, ಯಾವ ಕ್ಷಣದಲ್ಲೂ ಇಡಿಯಾಗಿ ಸಿಗದು,
ಒಂದಷ್ಟು ಮುಗಿದಿರುತ್ತದೆ, ಒಂದಷ್ಟು ಬಂದೇ ಇರುವುದಿಲ್ಲ.
ಆಮೇಲೆ ತೇವ.
ಅದು ತಾನಾಗಿ ನಿಲ್ಲದು, ಯಾವುದರದೋ ಆಗಿರಬೇಕು.
ಷಷ್ಠೀ ವಿಭಕ್ತಿ ಹೀಗೂ ಉಪಯೋಗಕ್ಕೆ ಬಂದೀತೆಂದು
ಮಡಿಕೇರಿಯ ನಮ್ಮ ಕನ್ನಡ ಟೀಚರಿಗೂ ಗೊತ್ತಿರಲಿಲ್ಲ.
ಮೀಟರಿನಲ್ಲಿ ಹನ್ನೊಂದೂವರೆ: ಬೀಜದ ತೇವ,
ಈ ಬೀಜದ್ದೇ.
ಪಕ್ಕದ್ದರಲ್ಲಿ ಅಷ್ಟೇ ಇದ್ದರೂ ಅದು ಇದಲ್ಲ.

ಎಲ್ಲವೂ ಒಂದೊಂದು ಕೊಂಬೆ ಹಿಡಿದು ಕೂತವು.
ಗ್ರೇಡರಿನ ಹತ್ತಿರ ಬರುವ ತನಕ.

ಜರಡಿಯ ಮೇಲೆ ನಿಂತದ್ದಕ್ಕೆ ಒಂದು ದರ,
ಇಳಿದದ್ದಕ್ಕೆ ಇನ್ನೊಂದು.
ಜರಡಿಯ ಕೆಳಗೆ ತಗಡು, ಚೌಕಟ್ಟು, ಬೋಲ್ಟು ಬರೆದೆ.
ಮೊಯ್ದುಟ್ಟಿ ಪರದೆಗೆ ಇಣುಕಿ ನಕ್ಕ:
'ಜರಡಿ ಅಂದ್ರೆ ತೂತು ಮೇಡಂ.
ತಗಡು ಬರೀ ಅದು ಓಡಿಹೋಗದ ಹಾಗೆ
ಹಿಡ್ಕೊಂಡಿರೋದು.'

ತೂತಿಗೆ ತೂಕವಿಲ್ಲ, ಬಿಲ್ಲಿನಲ್ಲಿ ಹೆಸರಿಲ್ಲ,
ಯಾವ ಲಾರಿಯಲ್ಲೂ ಬಂದಿಳಿದದ್ದಲ್ಲ.
ಆದರೂ ದಿನವಿಡೀ ಕೆಲಸ ಮಾಡುವುದು ಅದೇ.
ತಗಡು ಸವೆದಷ್ಟೂ ಅದು ಬೆಳೆಯುತ್ತದೆ.
ಇಲ್ಲದ್ದು ಬೆಳೆಯುವುದು ಅಂದರೇನು?
ನಾಲ್ಕು ವರ್ಷದ ಹಿಂದಿನ ತೂತೇ ಇದು, ಅಥವಾ
ಅದರ ಜಾಗದಲ್ಲಿ ಕೂತ ಇನ್ನೊಂದೇ?
ಯಾರೋ ಬೆಳೆಗಾರನ ಚೀಟಿಯಲ್ಲಿ
ಎ ಇದ್ದದ್ದು ಬಿ ಆಗಿ ಇಳಿಯಿತು.
ಬೀಜ ಇದ್ದಷ್ಟೇ ಇತ್ತು.

ಮೊಯ್ದುಟ್ಟಿ ಷರ್ಟಿನ ಜೇಬಿನಿಂದ
ಕಾಗದದ ಪೊಟ್ಟಣ ಬಿಚ್ಚಿದ. ಒಳಗೆ ಒಂದೇ ಬೀಜ,
ಬೆರಳಾಡಿ ಆಡಿ ಕರ‍್ರಗೆ ಹೊಳೆಯುವುದು.
ಅಳತೆಗೆ ಇಟ್ಟುಕೊಂಡದ್ದಂತೆ:
ಇದು ಕೆಳಗೆ ಬಿತ್ತೋ, ಜರಡಿ ಬದಲಿಸಬೇಕು.
ಬರೆದುಕೊಂಡೆ: ಬೀಜ, ಸದ್ಯಕ್ಕೆ ಮಾಪಕದ ಪಾತ್ರದಲ್ಲಿ.
'ಅದೂ ಸವೆದಿರಬಹುದಲ್ಲ?' ಎಂದೆ.
ಅವನು ತುಂಬ ಹೊತ್ತು ಏನೂ ಹೇಳಲಿಲ್ಲ.
ಹಲ್ಲರ್ ಮಾತ್ರ ಅರೆಯುತ್ತಿತ್ತು.

ಸಂಜೆ ಆರಿಸುವ ಕಟ್ಟೆಯಿಂದ ಮುತ್ತಿ ಎದ್ದು ಬಂದಳು,
ಅಂಗೈಯಲ್ಲಿ ಏನೋ ಮುಚ್ಚಿಕೊಂಡು.
ಕೈತೊಳೆಯುವ ನಲ್ಲಿಯ ಕೆಳಗೆ, ಗುಡಿಸಿ ಬಿಟ್ಟ ಹೊಟ್ಟಿನಲ್ಲಿ
ಪಾರ್ಚ್‌ಮೆಂಟ್ ಬಿಡದ ಒಂದು ಬೀಜ
ಗೇಣೂ ಇಲ್ಲದ ಕಾಲಿನ ಮೇಲೆ ನಿಂತಿತ್ತು,
ತನ್ನ ಸಿಪ್ಪೆಯನ್ನೇ ತಲೆಗೆ ಹಾಕಿಕೊಂಡು.
'ಟೋಪಿ ಬಂದಿದೆ ನೋಡಿ' ಎಂದಳು,
ನರ್ಸರಿಯಲ್ಲಿ ಹತ್ತು ವರ್ಷ ದುಡಿದವಳು.

ಇಲ್ಲಿ ಎಲ್ಲವನ್ನೂ ಬೀಜ ಅಂತಲೇ ಕರೆಯುತ್ತೇವೆ.
ಎಲ್ಲೂ ಮೊಳೆಯದಿರಲೆಂದೇ ಇಷ್ಟೆಲ್ಲ ಒಣಗಿಸುತ್ತೇವೆ.
ನನ್ನ ಹಾಳೆಯಲ್ಲಿ ಗುಡಿಸಿದ್ದು ಅಂದರೆ ಕಸ,
ಕಸಕ್ಕೆ ಮುಂದಿನ ಗೆರೆ ಇಲ್ಲ.
'ಇದನ್ನ ಯಾವುದರಲ್ಲಿ ಹಾಕ್ತೀರಿ?' ಮುತ್ತಿ ಕೇಳಿದಳು.

ಲ್ಯಾಪ್‌ಟಾಪ್ ತೆರೆದೆ.
ಕಸದ ಸಾಲಿನಿಂದ ತೆಗೆದೆ. ಬೀಜದ ಸಾಲಿಗೆ ತಂದೆ.
ಅಲ್ಲಿ ಮಾರಾಟದ ದರ ಕೇಳಿತು.
ಇರುವುದರ ಕೆಳಗೋ, ಆಗುವುದರ ಕೆಳಗೋ ಎಂದು
ಬೆರಳು ನಿಂತೇ ಇತ್ತು.
ಅಷ್ಟರಲ್ಲಿ ಮುತ್ತಿ ಕ್ಯಾಂಟೀನಿನ ಖಾಲಿ ಹಾಲಿನ ಕವರಿಗೆ
ಮಣ್ಣು ತುಂಬಿ ಮುಗಿಸಿದ್ದಳು.
ತುರುಬಿನಿಂದ ಪಿನ್ನು ಕಿತ್ತು
ಅದರ ತಳಕ್ಕೆ ಚುಚ್ಚುತ್ತಿದ್ದಳು
ಒಂದು, ಎರಡು, ಮೂರು ತೂತು.

'ನೀರು ನಿಲ್ಲಬಾರ್ದಲ್ಲ' ಎಂದಳು, ನಾನು ಕೇಳದಿದ್ದರೂ.